ಚಹಾಕ್ಕೊಂದು ಊರು

ಹಾವೇರಿಯ ಫಕ್ಕೀರಸಾಬನ ಅಂಗಡಿಯಲ್ಲಿ ಒಂದು ಸಲ ಚಹಾ ಕುಡಿದವರು ಮತ್ತೊಂದು ಸಲ ಕುಡಿಯಲು ಬಾಯಿ ಚಪ್ಪರಿಸಿಕೊಂಡು ಬಂದದ್ದನ್ನು ಯಾರೂ ಕಂಡವರಿಲ್ಲ. ಅದು ಚಹಾ ಎಂದು ಅವನು ಹೇಳುತ್ತಿದ್ದ, ಉಳಿದವರು ದಾಕ್ಷಿಣ್ಯಕ್ಕೆ ಒಪ್ಪಿಕೊಳ್ಳುತ್ತಿದ್ದರು. ಹೀಗಿದ್ದೂ ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಆ ಅಂಗಡಿಯ ಬೆಂಚಿನ ಮೇಲೆ ಕುಳಿತುಕೊಳ್ಳಲು ಜಾಗ ಸಿಗುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಗುತ್ತಲದಿಂದ ಬಸ್ಸು ಹತ್ತಿ ಬಂದ ಪಂಚಾಯತಿ ಮೆಂಬರರು, ಎಲ್ಲರೂ ಸಾಲಾಗಿ ಕುಳಿತು ಆ ಕಂದು ನೀರನ್ನು ಔಷಧದಂತೆ ನುಂಗುತ್ತಿದ್ದರು. ನುಂಗಿ, ಕಪ್ಪು-ಬಸಿ ಕೆಳಗಿಟ್ಟು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳುತ್ತಿದ್ದರು:

"ಒಂದು ಊರು ಕೊಡಪಾ ಫಕ್ಕೀರಸಾಬ."

ಫಕ್ಕೀರಸಾಬ ಊರು ಕೊಡುತ್ತಿದ್ದ. ಚಹಾಕ್ಕೊಂದು ಊರು. ಊರಿಗೆ ಬೇರೆ ರೊಕ್ಕ ಇಲ್ಲ, ಆದರೆ ಚಹಾ ಕುಡಿಯದೆ ಊರು ಇಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿರುವ, ಯಾರೂ ಕೇಳಿರದ, ಬೇರೆಲ್ಲೂ ಇಲ್ಲದ ವಿಚಿತ್ರವೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡ ಊರು. ಗಿರಾಕಿ ಅದನ್ನು ಎರಡು ಸಲ ಬಾಯಿಪಾಠ ಹೇಳಿ ಒಪ್ಪಿಸಿ, ಎದುರು ಸಾಲಿನ ಮನೆಯತ್ತ ಓಡುತ್ತಿದ್ದ.

ಎದುರು ಸಾಲಿನ ಮನೆ ಅವನ ಅಕ್ಕ ಗುಲಾಬಬಿಯದು. ಆಕೆ ಏಲಕ್ಕಿ ಹಾರ ಮಾಡುವವಳು. ಏಲಕ್ಕಿ ಬೆಳೆಯುವುದು ಘಟ್ಟದ ಕಡೆ, ಹಾರವಾಗುವುದು ಹಾವೇರಿಯಲ್ಲಿ. ಕಾಯಿಗಳನ್ನು ಬಿಳುಪು ಮಾಡಿ, ಗಾತ್ರ ನೋಡಿ ಆರಿಸಿ, ಒಂದೊಂದನ್ನೇ ಸೂಜಿಯಿಂದ ಪೋಣಿಸಿ, ನಡುನಡುವೆ ಬಣ್ಣದ ಮಣಿ, ಜರಿ, ರೇಷ್ಮೆ ಗೊಂಡೆ ಕಟ್ಟಿ ಅದನ್ನು ಮಂತ್ರಿಯ ಕೊರಳಿಗೂ ಮದುಮಗನ ಕೊರಳಿಗೂ ಒಪ್ಪುವಂತೆ ಮಾಡುವುದು ತಾಳ್ಮೆಯ ಕೆಲಸ. ಗಂಡ ಜ್ವರ ಬಂದು ತೀರಿಹೋದಮೇಲೆ ಗುಲಾಬಬಿ ಆ ಕೆಲಸವನ್ನು ಒಬ್ಬಳೇ ಹೊತ್ತುಕೊಂಡಳು. ಮಗಳು ಮುಮ್ತಾಜಬಿ ಬೆಳೆದಮೇಲೆ ಇಬ್ಬರಾದರು. ಸುತ್ತಲ ಮೂರು ತಾಲೂಕಿನಲ್ಲಿ ಸತ್ಕಾರ ಎಂದರೆ ಆಕೆಯ ಮನೆಯ ಹಾರವೇ ಬೇಕು ಎನ್ನುವ ಜನ ಬಹಳ ಇದ್ದರು.

ಆದರೆ ಗುಲಾಬಬಿ ರೊಕ್ಕ ಕೊಟ್ಟ ಕೂಡಲೇ ಹಾರ ಕೊಡುವ ಪೈಕಿ ಅಲ್ಲ. ಹಾರವನ್ನು ಮಡಿಲಲ್ಲಿಟ್ಟುಕೊಂಡು, ಇದು ಯಾವ ಊರಿಗೆ ಹೋಗುತ್ತದೆ, ಆ ಊರಿನಲ್ಲಿ ಬೇರೆ ಎಲ್ಲೂ ಇಲ್ಲದ್ದು ಏನಿದೆ ಎಂದು ಕೇಳುವಳು. ಹೇಳಿದರೆ ಹಾರ, ಇಲ್ಲದಿದ್ದರೆ ನಾಳೆ ಬನ್ನಿ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಅವರಿಗೆ ಆಕೆ ಸಮಾಧಾನದಿಂದಲೇ ಉತ್ತರಿಸುವಳು.

"ಕೈಯಾರೆ ಮಾಡಿದ್ದು ಕಳಸಾಕತ್ತೇನ್ರಿ. ಊರು ಎಂಥಾದ್ದು ಅಂತ ಕೇಳಬ್ಯಾಡೇನು?"

ಮೊದಮೊದಲು ಹಾರ ಹೋಗುವ ಊರಿನ ಸುದ್ದಿಯೇ ಆಗಬೇಕಿತ್ತು. ಆದರೆ ಹಾರಗಳಲ್ಲಿ ಅರ್ಧಕ್ಕರ್ಧ ಹಾವೇರಿಯಲ್ಲೇ ಯಾರದೋ ಕೊರಳಿಗೆ ಬಿದ್ದು ಹಾವೇರಿಯಲ್ಲೇ ಒಣಗುತ್ತಿದ್ದವು. ಹಾಗಾಗಿ ಕಾನೂನು ಬದಲಾಯಿತು. ಜಗತ್ತಿನ ಯಾವ ಊರಾದರೂ ನಡೆದೀತು, ಹಿಂದೆ ಯಾರೂ ಹೇಳಿರಬಾರದು ಅಷ್ಟೇ.

ಇನ್ನು ಫಕ್ಕೀರಸಾಬನ ವಿಷಯ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಗುಲಾಬಬಿ ಮದುವೆಯಾಗಿ ಗಂಡನ ಮನೆಗೆ ಬಂದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಈ ತಮ್ಮನನ್ನು ಹಿಡಿದುಕೊಂಡು ಬಂದಿದ್ದಳು. ಟ್ರಂಕು ಉಪಯೋಗಕ್ಕೆ ಬಂತು. ತಮ್ಮನ ವಿಷಯದಲ್ಲಿ ಅಷ್ಟು ಖಾತ್ರಿಯಿಂದ ಹೇಳಲು ಬರುವುದಿಲ್ಲ. ಛತ್ರಿ ರಿಪೇರಿ ಕಲಿತ, ಆ ವರ್ಷ ಮಳೆ ಬರಲಿಲ್ಲ. ಕೋಳಿ ಸಾಕಿದ, ಓಣಿಯ ಬೆಕ್ಕುಗಳು ದಪ್ಪಗಾದವು. ಬಾಡಿಗೆ ಸೈಕಲ್ ಅಂಗಡಿ ಇಟ್ಟ, ಸೈಕಲ್ಲುಗಳು ಕರ್ಜಗಿಯ ಕಡೆ ಹೋದವು, ಬರುವ ದಾರಿ ಮರೆತವು. ಒಂದು ದಂಧೆ ಕೈಹಿಡಿದಮೇಲೆ ಮದುವೆ ಎನ್ನುತ್ತ ನಲವತ್ತು ದಾಟಿದ. ದೇಶ ನೋಡಿದವನೇ ಎಂದರೆ ಅದೂ ಇಲ್ಲ. ಒಮ್ಮೆ ಹುಬ್ಬಳ್ಳಿಗೆ ಹೋಗಿ, ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ದಾರಿ ತಪ್ಪಿ, ಸಂಜೆಯ ತನಕ ಒಂದೇ ಮಸೀದಿಯ ಸುತ್ತ ತಿರುಗಿ, ಇನ್ನು ಮೇಲೆ ಊರು ಬಿಡುವುದಿಲ್ಲ ಎಂದು ಆಣೆ ಮಾಡಿ ಬಂದಿದ್ದ.

ಕೊನೆಗೆ ಅಕ್ಕನ ಮನೆಯ ಎದುರೇ ಚಹಾದ ಅಂಗಡಿ ಇಟ್ಟ. ಪೋಣಿಸುವಾಗ ಒಡೆದುಹೋದ ಏಲಕ್ಕಿಯನ್ನೆಲ್ಲ ಗುಲಾಬಬಿ ಅವನಿಗೇ ಕೊಡುತ್ತಿದ್ದಳು. ಏಲಕ್ಕಿ ಹಾಕಿದ ಚಹಾ ಕೆಡುವುದಾದರೂ ಹೇಗೆ ಎಂದು ನೀವು ಕೇಳಬಹುದು. ಫಕ್ಕೀರಸಾಬನಿಗೆ ಮಾತಿನ ಚಟ. ಮಾತು ಮುಗಿಯುವ ತನಕ ಪಾತ್ರೆ ಒಲೆಯ ಮೇಲೆಯೇ ಇರುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಅಂಗಡಿ ತೆರೆದ ಮೊದಲ ತಿಂಗಳುಗಳಲ್ಲಿ ಬೆಂಚಿನ ಮೇಲೆ ನಾಯಿ ಮಲಗುತ್ತಿತ್ತು.

ಒಬ್ಬರು ಮಾತ್ರ ತಪ್ಪದೆ ಬರುತ್ತಿದ್ದರು. ಈದ್ ಹಬ್ಬದ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವಾಗ ಗುಲಾಬಬಿ ಹೊಸ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ರಸ್ತೆ ದಾಟಿ ತಮ್ಮನ ಅಂಗಡಿಗೆ ಬರುತ್ತಿದ್ದಳು. ಒಂದು ಚಹಾ ಕುಡಿದು, ಏನೂ ಅನ್ನದೆ, ಮತ್ತೆ ರಸ್ತೆ ದಾಟಿ ಹೋಗಿ, ತವರಿಗೆ ಹೋಗಿಬಂದೆ ಎಂದು ನೆರೆಯವರಿಗೆ ಹೇಳುತ್ತಿದ್ದಳು. ಅದನ್ನು ಕೇಳಿ ಓಣಿಯೆಲ್ಲ ನಗುತ್ತಿತ್ತು. ಫಕ್ಕೀರಸಾಬ ನಗುತ್ತಿರಲಿಲ್ಲ.

ಊರಿನ ವ್ಯಾಪಾರ ಶುರುವಾದದ್ದು ವಿರೂಪಾಕ್ಷಪ್ಪನವರಿಂದ. ಇವರು ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ಸೀನುವುದರಲ್ಲೇ ಅರ್ಧ ಆಯುಷ್ಯ ಕಳೆದ ದೊಡ್ಡ ಮನುಷ್ಯರು. ಕಚ್ಛದ ಮಾಂಡವಿ ಎಂಬ ಊರಿನಿಂದ ಒಬ್ಬ ಖರೀದಿದಾರ ಬಂದಿದ್ದ, ಸಂಜೆಯ ಗಾಡಿಗೆ ಹೊರಟಿದ್ದ, ಅವನ ಕೊರಳಿಗೆ ಹಾರ ಬೇಕಿತ್ತು. ಮಾಂಡವಿಯಲ್ಲಿ ಏನಿದೆ ಎಂದು ಗುಲಾಬಬಿ ಕೇಳಿದಳು. ಸಮುದ್ರ ಇದೆಯಂತೆ ಎಂದರು ವಿರೂಪಾಕ್ಷಪ್ಪ. ಸಮುದ್ರ ಕಾರವಾರದಲ್ಲೂ ಇದೆ ಎಂದು ಆಕೆ ಹಾರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ದಲಾಲರು ಬೆವರು ಒರೆಸಿಕೊಳ್ಳುತ್ತ ಎದುರಿನ ಅಂಗಡಿಯ ಬೆಂಚಿಗೆ ಬಂದು ಕುಸಿದರು. ಗೋಳು ಕೇಳಿದ ಫಕ್ಕೀರಸಾಬನಿಗೆ ಮನಸ್ಸು ಕರಗಿತು. ಮಾಂಡವಿಯ ಹೆಸರನ್ನು ಅವನು ಆಗಲೇ ಮೊದಲ ಸಲ ಕೇಳಿದ್ದು. ಎದುರಿನ ಜಗಲಿಯಲ್ಲಿ ತಲೆ ಬಗ್ಗಿಸಿ ಪೋಣಿಸುತ್ತಿದ್ದ ಅಕ್ಕನನ್ನು ಒಂದು ಗಳಿಗೆ ನೋಡಿದ. ಬಾಯಿಗೆ ಬಂದದ್ದನ್ನು ಹೇಳಿದ.

ಮಾಂಡವಿಯಲ್ಲಿ ಒಂದು ರಿವಾಜು ಇದೆಯಂತೆ. ಪ್ರತಿ ರಮಜಾನ ಈದಿಗೆ ಸೊಸೆಯನ್ನು ತವರಿಗೆ ಕಳಿಸಲೇಬೇಕಂತೆ, ತವರು ಎಷ್ಟೇ ದೂರ ಇರಲಿ. ಕಳಿಸದ ಮನೆಯವರನ್ನು ಆ ವರ್ಷ ಯಾವ ಅಂಬಿಗನೂ ದೋಣಿ ಹತ್ತಿಸಿಕೊಳ್ಳುವುದಿಲ್ಲವಂತೆ.

ವಿರೂಪಾಕ್ಷಪ್ಪ ಹೋಗಿ ಹೇಳಿದರು. ಗುಲಾಬಬಿಯ ಸೂಜಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹಾರ ಕೊಟ್ಟಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಬೆಂಚಿನ ನಾಯಿ ಜಾಗ ಬಿಡಬೇಕಾಯಿತು. ಭಾವನ ಕಾಲದ ಹಳೆಯ ರೇಡಿಯೊ ಒಂದು ಅಂಗಡಿಯಲ್ಲಿತ್ತು. ಅದರಲ್ಲಿ ದೂರದ ಊರುಗಳ ಹೆಸರು ಕೇಳಿಸುತ್ತಿತ್ತು, ಸುದ್ದಿ ಗರಗರದಲ್ಲಿ ಮುಳುಗಿಹೋಗುತ್ತಿತ್ತು. ಮುಳುಗಿದ್ದನ್ನೆಲ್ಲ ಫಕ್ಕೀರಸಾಬ ತುಂಬಿಕೊಡುತ್ತಿದ್ದ. ಚೀನಾದ ಒಂದು ಊರಿನಲ್ಲಿ ಗಂಡ ಹೆಂಡತಿ ಜಗಳ ಆಡಬೇಕಾದರೆ ಹೊಳೆಯ ಆಚೆ ದಂಡೆಗೆ ಹೋಗಬೇಕು, ದೋಣಿ ಬರುವಷ್ಟರಲ್ಲಿ ಯಾತಕ್ಕೆ ಸಿಟ್ಟು ಬಂದಿತ್ತು ಎನ್ನುವುದೇ ಮರೆತಿರುತ್ತದೆ. ಬ್ರೆಜಿಲಿನ ಒಂದು ಹಳ್ಳಿಯಲ್ಲಿ ಶುಕ್ರವಾರ ಕತ್ತೆಗಳಿಗೆ ರಜೆ, ಆ ದಿನ ಹಿಂದಿನ ವಾರ ಹೆಚ್ಚು ಬೈಗುಳ ಬೈದ ಗಂಡಸರೇ ಹೊರೆ ಹೊರಬೇಕು. ತುರ್ಕಸ್ತಾನದ ಯಾವುದೋ ಪೇಟೆಯಲ್ಲಿ ಕುಂಬಳಕಾಯಿಗೆ ಮುಪ್ಪು ಬರುವವರೆಗೆ ಮನೆಯ ಯಜಮಾನನಿಗೆ ಮುಪ್ಪು ಬಂತೆನ್ನಬಾರದು. ಇಂಥವೆಲ್ಲ ಕಾಗಿನೆಲೆಯ ಬಸ್ಸಿನಲ್ಲಿ, ಮೆಣಸಿನಕಾಯಿ ಪೇಟೆಯಲ್ಲಿ, ನ್ಯಾಯಬೆಲೆ ಅಂಗಡಿಯ ಪಾಳಿಯಲ್ಲಿ ಓಡಾಡಿ, ಕೆಲವೊಮ್ಮೆ ಹೊಸ ಬಟ್ಟೆ ಹಾಕಿಕೊಂಡು ಫಕ್ಕೀರಸಾಬನ ಬಳಿಗೇ ವಾಪಸು ಬರುತ್ತಿದ್ದವು. ಅವನು ಮೊದಲ ಸಲ ಕೇಳಿದವನಂತೆ ಬೆರಗಾಗುತ್ತಿದ್ದ.

ಎಲ್ಲರೂ ಅವನ ಗಿರಾಕಿಗಳೇ ಆಗಿದ್ದರು ಎನ್ನುವಂತಿಲ್ಲ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಅಣ್ಣಾಜಿ ಮಾಸ್ತರರು ಒಮ್ಮೆ ಹೆಡ್‌ಮಾಸ್ತರರ ಬೀಳ್ಕೊಡುಗೆಗೆ ಹಾರ ಒಯ್ಯಲು ಬಂದರು. ಇವರಿಗೆ ಯಾರ ಹಂಗೂ ಬೇಕಿರಲಿಲ್ಲ. ಸ್ಪೇನ್ ದೇಶಕ್ಕೆ ಸೇರಿದ ಒಂದು ದ್ವೀಪದಲ್ಲಿ, ಆಳವಾದ ಕಣಿವೆಗಳ ಈಚೆ ಬದಿಯ ಜನ ಆಚೆ ಬದಿಯವರೊಡನೆ ಬರೀ ಸಿಳ್ಳೆಯಲ್ಲೇ ಮಾತಾಡುತ್ತಾರೆ, ಕುರಿ ಕಳೆದದ್ದು, ಮಗು ಹುಟ್ಟಿದ್ದು, ಎಲ್ಲವನ್ನೂ ಸಿಳ್ಳೆಯಲ್ಲೇ ತಿಳಿಸುತ್ತಾರೆ ಎಂದು ಅವರು ವಿವರಿಸಿ ಹೇಳಿದರು. ಅದು ಅಕ್ಷರಶಃ ನಿಜ. ಗುಲಾಬಬಿ ಅವರ ಮುಖವನ್ನೇ ನೋಡುತ್ತ ಪೂರ್ತಿ ಕೇಳಿದಳು.

"ಸುಳ್ಳು," ಎಂದಳು. "ಹೋಗ್ರಿ ಮಾಸ್ತರ, ಒಂದು ಚಾ ಕುಡದು ಬರ್ರಿ. ಖರೇ ನೆನಪಾಗ್ತದ."

ಮಾಸ್ತರರು ನಕಾಶೆ ತಂದು ತೋರಿಸುತ್ತೇನೆ ಎಂದು ಹಟ ಹಿಡಿದರು. ಆಕೆ ಸೂಜಿಯಿಂದ ಕಣ್ಣು ಎತ್ತಲಿಲ್ಲ. ಕೊನೆಗೆ ಬಸ್ಸಿನ ಹೊತ್ತಾದ್ದರಿಂದ ಆ ವಿದ್ವಾಂಸರು ರಸ್ತೆ ದಾಟಿ ಬಂದು, ಚಹಾ ಕುಡಿದು, ಆಗಷ್ಟೇ ಹುಟ್ಟಿದ ಕತ್ತೆಗಳ ರಜೆಯ ಊರನ್ನು ಒಯ್ದು ಒಪ್ಪಿಸಿ, ಹಾರ ತೆಗೆದುಕೊಂಡು ಹೋದರು. ಹಡಗಿನಲ್ಲಿ ಕೆಲಸ ಮಾಡಿ ಬಂದ ಒಬ್ಬ, ಕೆರೆಯ ಮೇಲೆ ಹುಲ್ಲು ಹಾಸಿ ದ್ವೀಪ ಮಾಡಿಕೊಂಡು ಬದುಕುವ ಜನರ ಬಗ್ಗೆ ಹೇಳಿದಾಗಲೂ ಇದೇ ಗತಿಯಾಯಿತು. ಖರೇ ಸಂಗತಿಗಳನ್ನು ಅಕ್ಕ ಒದ್ದು ಕಳಿಸುವುದನ್ನೂ ತನ್ನ ಸರಕನ್ನು ಕಣ್ಣುಮುಚ್ಚಿ ನಂಬುವುದನ್ನೂ ನೋಡಿ ಫಕ್ಕೀರಸಾಬನಿಗೆ ತನ್ನ ಮೇಲೆ ಬಹಳ ಗೌರವ ಹುಟ್ಟಿತು. ಕೊನೆಗೂ ಒಂದು ದಂಧೆ ತನ್ನ ಕೈಹಿಡಿಯಿತು, ಅದೂ ಜಗತ್ತಿನಲ್ಲಿ ಬೇರೆ ಯಾರೂ ಮಾಡದ ದಂಧೆ ಎಂದು ಕಾಲರು ಸರಿಮಾಡಿಕೊಂಡ.

ಅವನ ಕಾಲಡಿಯ ನೆಲ ಅಲ್ಲಾಡಿದ್ದು ಮುಮ್ತಾಜಬಿಯ ಮದುವೆಯ ಮಾತು ಬಂದಾಗ. ತೊಂಬತ್ತರ ದಶಕದ ಶುರುವಿನ ವರ್ಷ. ಕರ್ಜಗಿಯವನೇ ಆದ ಬಾಬಾಜಾನ ಎಂಬ ಬಡಗಿ ಹೆಣ್ಣು ನೋಡಲು ಬಂದ. ದಾಂಡೇಲಿಯ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದವನು, ಕಟ್ಟಿಗೆ ಹೇರಿದ ಲಾರಿಯ ಬೆನ್ನುಹತ್ತಿ ದೂರ ಹೋಗಿ, ಹೆಂಡತಿ ಮಗನೊಡನೆ ಅಲ್ಲೇ ನೆಲೆನಿಂತಿದ್ದ. ಮಗ ಅಲ್ಲಾವುದ್ದೀನ ಅಪ್ಪನ ಜೊತೆಗೇ ದುಡಿಯುತ್ತಿದ್ದ, ಒಳ್ಳೆಯ ಹುಡುಗ. ಅಲ್ಲಿಯ ಹೆಣ್ಣುಗಳನ್ನು ಬಿಟ್ಟು ಇಲ್ಲಿಗೆ ಬಂದದ್ದು ಹೆಂಡತಿ ಸುಗರಾಬಿಯ ಹಟಕ್ಕೆ. ಆಕೆಗೆ ಅಲ್ಲಿ ಉರ್ದು ಹೇಗೋ ನಡೆಯುತ್ತಿತ್ತಂತೆ, ಆದರೆ ಕನ್ನಡದಲ್ಲಿ ಹರಟೆ ಹೊಡೆಯಲು ಒಂದು ನರಪಿಳ್ಳೆಯೂ ಇಲ್ಲದೆ ಬಾಯಿ ಬತ್ತಿಹೋಗಿತ್ತಂತೆ. ಕನ್ನಡ ಬರುವ ಸೊಸೆಯೇ ಬೇಕು ಎಂದು ಗಂಡನನ್ನು ಅಟ್ಟಿದ್ದಳು.

ಓಣಿಯ ಹಿರಿಯರು ಜಗಲಿಯ ತುಂಬ ಕುಳಿತಿದ್ದರು. ಫಕ್ಕೀರಸಾಬ ಚಹಾದ ತಟ್ಟೆ ಹಿಡಿದುಕೊಂಡು ಬಂದ. ನೆಲೆನಿಂತ ಊರು ಯಾವುದು ಎಂದು ಗುಲಾಬಬಿ ಕೇಳಿದಳು. ಕಚ್ಛದ ಮಾಂಡವಿ ಎಂದ ಬಾಬಾಜಾನ. ಫಕ್ಕೀರಸಾಬ ಚಹಾ ಹಂಚುವುದನ್ನು ಬಿಟ್ಟು ತಟ್ಟೆ ಕೆಳಗಿಟ್ಟ.

ಗುಲಾಬಬಿಯ ಮುಖ ಅರಳಿತು. ಎಲ್ಲರಿಗೂ ಕೇಳಿಸುವಂತೆ ಹೇಳಿದಳು, "ಗೊತ್ತೈತ್ರಿ ಆ ಊರು. ಪ್ರತಿ ರಮಜಾನ ಈದಿಗೆ ಸೊಸಿನ್ನ ತವರಿಗೆ ಕಳಸೂ ರಿವಾಜು ಐತಲ್ಲ ಅಲ್ಲೆ? ಎಷ್ಟ ದೂರ ಇದ್ರೂ?"

ಬಾಬಾಜಾನ ಗಡ್ಡ ಸವರಿದ. ಮೇಲೆ ನೋಡಿದ, ಕೆಳಗೆ ನೋಡಿದ. ಹಿರಿಯರೆಲ್ಲ ಅವನನ್ನೇ ನೋಡುತ್ತಿದ್ದರು.

"ಹೌದ್ರಿ," ಎಂದ. "ಹಂಗ ಐತಿ."

ಹಾಗಾದರೆ ನನ್ನ ಮಗಳನ್ನು ಕೊಡಲು ನನಗೆ ಅಡ್ಡಿಯಿಲ್ಲ ಎಂದಳು ಗುಲಾಬಬಿ. ಹಿರಿಯರು ಸಕ್ಕರೆ ಹಂಚಿದರು.

ಫಕ್ಕೀರಸಾಬನಿಗೆ ತಲೆಬುಡ ತಿಳಿಯಲಿಲ್ಲ. ತಾನು ಹುಟ್ಟಿಸಿದ ಸುಳ್ಳು ನಿಜವಾಗಿ ಮಾಂಡವಿಯಲ್ಲಿ ಇತ್ತೇ? ಹಾಗಿದ್ದರೆ ಕತ್ತೆಗಳಿಗೂ ರಜೆ ಇರಬೇಕು. ಹೀಗೆ ಯೋಚಿಸುತ್ತ ಅವನು ಬಾಬಾಜಾನನನ್ನು ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಹೋದ. ದಾರಿಯಲ್ಲಿ ಮೆಲ್ಲಗೆ, ಆ ರಿವಾಜು ಖರೇ ಇದೆಯೇ ಎಂದು ಕೇಳಿದ. ಬಾಬಾಜಾನ ನಿಂತುಬಿಟ್ಟ.

"ನಾ ಏನ್ ಹೇಳ್ಲಿ ಭಾಯಿ. ಇಷ್ಟು ವರ್ಷ ಆ ಊರಾಗ ನೀರು ಕುಡದೇನಿ. ನನಗ ಗೊತ್ತಿಲ್ಲದ ರಿವಾಜು ಹಾವೇರಿ ಹೆಣ್ಣಮಗಳಿಗೆ ಗೊತ್ತೈತಿ ಅಂದ್ರ, ಅಷ್ಟು ಮಂದಿ ಮುಂದ ಇಲ್ಲ ಅನ್ನಾಕ ನಾಚಿಕಿ ಬಂತು."

ಹೀಗಾಯಿತು ಕತೆ. ಒಬ್ಬ ಸುಳ್ಳು ಹೇಳಿದ, ಇನ್ನೊಬ್ಬ ಅದಕ್ಕೆ ಹೂಂ ಎಂದ, ಆ ಎರಡರ ಮೇಲೆ ಅಕ್ಕ ತನಗಿರುವ ಒಬ್ಬಳೇ ಮಗಳನ್ನು ಕೂರಿಸಿ ಕಳಿಸಲು ಹೊರಟಿದ್ದಾಳೆ. ಹಾವೇರಿಯಿಂದ ಹುಬ್ಬಳ್ಳಿ, ಅಲ್ಲಿಂದ ಮುಂಬಯಿ, ಅಲ್ಲಿಂದ ಅಹಮದಾಬಾದು, ಅಲ್ಲಿಂದ ಇನ್ನೂ ಮುಂದೆ. ಹೋದ ಹುಡುಗಿ ಯಾವ ಈದಿಗೆ ಬಂದಾಳು? ಬಾಗಿಲಲ್ಲಿ ನಿಂತು ಬಸ್ಸು ಎಣಿಸುವ ಅಕ್ಕ ಅವನ ಕಣ್ಣಿಗೆ ಕಟ್ಟಿದಳು. ತಾನು ತುತ್ತು ಉಂಡ ಕೈ ಅದು. ಹೇಳಿಬಿಟ್ಟರೆ ಸಂಬಂಧ ಮುರಿಯುತ್ತದೆ, ತನ್ನ ಊರುಗಳೆಲ್ಲ ಒಂದೇ ದಿನ ಮಣ್ಣುಪಾಲು, ಬೆಂಚಿನ ಮೇಲೆ ಮತ್ತೆ ನಾಯಿ. ಅದನ್ನಾದರೂ ತಡೆದುಕೊಂಡೇನು, ಅಕ್ಕ ಇನ್ನು ಮುಂದೆ ತನ್ನ ಒಂದು ಮಾತನ್ನೂ ನಂಬಲಿಕ್ಕಿಲ್ಲವಲ್ಲ ಎಂದು ಅವನಿಗೆ ದಿಗಿಲಾಯಿತು.

ಮುಮ್ತಾಜಬಿಯಾದರೂ ಒಲ್ಲೆ ಎಂದಾಳೇ ಎಂದು ಕಾದ. ಆ ಹುಡುಗಿ ಅವನ ಅಂಗಡಿಗೇ ಬಂದು ಒಡೆದ ಏಲಕ್ಕಿಯ ಡಬ್ಬಿ ಇಟ್ಟು, ನಗುತ್ತ ನಿಂತಳು.

"ಮಾಮು, ಸಣ್ಣಾಕಿ ಇದ್ದಾಗಿಂದ ಪಡದೆ ಹಿಂದ ಕುಂತು ಊರು ಕೇಳಿ ಕೇಳಿ ನನಗ ಹುಚ್ಚು ಹಿಡದದ. ಒಂದರ ಕಣ್ಣಿಲೆ ನೋಡಿ ಬರ್ತೇನಿ."

ಅದಕ್ಕೂ ತಾನೇ ಕಾರಣ ಎಂದಾಯಿತು. ಆ ವಾರ ಫಕ್ಕೀರಸಾಬನ ಚಹಾ ಇನ್ನಷ್ಟು ಕೆಟ್ಟಿತು. ಅದು ಸಾಧ್ಯವಿದೆ ಎಂದು ಹಳೆಯ ಗಿರಾಕಿಗಳಿಗೂ ಗೊತ್ತಿರಲಿಲ್ಲ. ಊರು ಕೇಳಿದವರಿಗೆ ಹಾವೇರಿ, ಮೋಟೆಬೆನ್ನೂರು ಎಂದು ಕೊಟ್ಟು ಕಳಿಸತೊಡಗಿದ. ಕೊನೆಗೆ ಒಂದು ಮಧ್ಯಾಹ್ನ ಒಲೆ ಆರಿಸಿ, ಕೈ ಒರೆಸಿಕೊಂಡು ರಸ್ತೆ ದಾಟಿದ. ಗುಲಾಬಬಿ ಒಬ್ಬಳೇ ಕುಳಿತು ಮಗಳ ಮದುವೆಯ ಹಾರ ಪೋಣಿಸುತ್ತಿದ್ದಳು. ಅವನು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ. ಹೇಗೆ ಶುರುಮಾಡಬೇಕೆಂದು ತಿಳಿಯದೆ ತುದಿಯನ್ನೇ ಮೊದಲು ಹೇಳಿದ.

"ಆಪಾ, ಮಾಂಡವ್ಯಾಗ ಅಂಥಾ ರಿವಾಜು ಇಲ್ಲ. ಅದು ನಾ ಹುಟ್ಟಿಸಿದ್ದು. ಎಲ್ಲಾ ಊರೂ ನಾ ಹುಟ್ಟಿಸಿದ್ದು."

"ಗೊತ್ತೈತಿ," ಎಂದಳು ಗುಲಾಬಬಿ. ಸೂಜಿ ಒಂದು ಕಾಯಿ ದಾಟಿ ಇನ್ನೊಂದಕ್ಕೆ ಹೋಯಿತು.

ಫಕ್ಕೀರಸಾಬನಿಗೆ ತಾನು ಹೇಳಿದ್ದು ಆಕೆಗೆ ಕೇಳಿಸಿತೋ ಇಲ್ಲವೋ ಎಂಬ ಸಂಶಯ ಬಂತು. ಏನು ಗೊತ್ತು ಎಂದು ಕೇಳಿದ.

"ವಿರೂಪಾಕ್ಷಪ್ಪ ಇಲ್ಲಿಂದ ಎದ್ದು ಹೋಗೂ ಮುಂದ ಅವನ ಬಾಯಾಗ ಒಂದು ಮಾತಿರಲಿಲ್ಲ. ನಿನ್ನ ಅಂಗಡಿಂದ ಬರೂ ಮುಂದ ಇತ್ತು. ಚಾದಾಗ ಊರು ಕಲಸಿರತಾವೇನು? ನನಗ ಮೊದಲನೇ ದಿನಾನ ಗೊತ್ತಾತು."

ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ, ಅಣ್ಣಾಜಿ ಮಾಸ್ತರರಂಥವರನ್ನು ಸುಳ್ಳುಗಾರರೆಂದು ಯಾಕೆ ಅಟ್ಟಿದೆ ಎಂದು ಅವನು ಜಗಳಕ್ಕೆ ಬಂದವನಂತೆ ಕೇಳಿದ. ಗುಲಾಬಬಿ ಅವನನ್ನು ಕನಿಕರದಿಂದ ನೋಡಿದಳು.

"ಪಾಪ, ಮಾಸ್ತರಗ ಸುಳ್ಳು ಹೇಳಾಕ ಬರೂದಿಲ್ಲ. ಮುಖ ನೋಡಿದ್ರ ತಿಳೀತದ. ಆದ್ರ ಖರೇ ಹೇಳಿದವರನ್ನೆಲ್ಲಾ ನಂಬಿ ಹಾರ ಕೊಟ್ಟಿದ್ರ ನಿನ್ನ ಚಾ ಯಾರು ಕುಡೀತಿದ್ರು ಫಕ್ಕೀರಾ?"

ಅಂಗಡಿ ಇಟ್ಟಂದಿನಿಂದ ಬಂದ ಗಿರಾಕಿಗಳೆಲ್ಲ ಫಕ್ಕೀರಸಾಬನ ಕಣ್ಣ ಮುಂದೆ ಹಾದುಹೋದರು. ಒಬ್ಬೊಬ್ಬರನ್ನೂ ಅಕ್ಕ ಈ ಜಗಲಿಯಿಂದ ರಸ್ತೆ ದಾಟಿಸಿ ಕಳಿಸಿದ್ದಳು. ಅವನಿಗೆ ನಾಚಿಕೆಯಾಯಿತು. ಊರು ಮಾರುವ ದಂಧೆ ತನ್ನ ಬುದ್ಧಿವಂತಿಕೆ ಎಂದು ಕಾಲರು ಸರಿಮಾಡಿಕೊಂಡ ದಿನಗಳನ್ನು ನೆನೆದು ಇನ್ನಷ್ಟು ನಾಚಿಕೆಯಾಯಿತು. ಅದರ ಜೊತೆಗೇ ಸುಖವೂ ಆಯಿತು. ಏನು ಮಾಡಬೇಕೆಂದು ತಿಳಿಯದೆ ಬುಟ್ಟಿಯಿಂದ ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡ. ಗುಲಾಬಬಿ ಅವನ ಕೈ ಮೇಲೆ ಒಂದು ಏಟು ಹಾಕಿದಳು. ಅದು ಹಾರದ ಕಾಯಿ, ಒಡೆದದ್ದಲ್ಲ.

ಆದರೆ ಮುಮ್ತಾಜಳ ಗತಿ ಏನು ಎಂದು ಅವನು ಕೇಳಿದ. ಬಾಬಾಜಾನನೂ ಸುಳ್ಳು ಹೇಳಿದ್ದಾನೆ ಎಂದ.

"ಅದೂ ಗೊತ್ತೈತಿ. ಹೂಂ ಅಂದಿದ್ದು ಹಿರೇರ ಮುಂದ. ಊರಿಗೆ ರಿವಾಜು ಇಲ್ಲದಿದ್ರ ಬ್ಯಾಡ, ಇನ್ನ ಮ್ಯಾಲ ಅವರ ಮನಿಗೆ ಐತಿ." ಗುಲಾಬಬಿ ಇಷ್ಟು ಹೇಳಿ ನಕ್ಕಳು. ಆಮೇಲೆ ಆಕೆಯ ಕೈ ನಿಂತಿತು. "ಹುಡುಗಿಗೆ ಮನಸ್ಸೈತಿ, ಹುಡುಗ ಚಲೋ ಅದಾನ. ಬರ್ತಾಳೋ ಇಲ್ಲೋ ನನಗೂ ಖಾತ್ರಿ ಇಲ್ಲ. ನನಗೂ ಅಂಜಿಕಿ ಐತಿ. ಯಾರಿಗೂ ಹೇಳಬ್ಯಾಡ."

ಮದುವೆಯಾಯಿತು. ಹಾರ ಬದಲಾಯಿಸಿಕೊಳ್ಳುವಾಗ ಮಂಟಪದ ತುಂಬ ಏಲಕ್ಕಿಯ ವಾಸನೆ ತುಂಬಿತ್ತು. ಹುಬ್ಬಳ್ಳಿಯ ಬಸ್ಸಿನಲ್ಲಿ ಮುಮ್ತಾಜಬಿ ಕಿಟಕಿಯ ಪಕ್ಕ ಕುಳಿತು ಅಳುತ್ತ ನಗುತ್ತ ಹೋದಳು. ಮರುದಿನದಿಂದ ಗುಲಾಬಬಿ ಒಬ್ಬಳೇ ಪೋಣಿಸತೊಡಗಿದಳು. ಊರು ಕೇಳುವ ಕಾನೂನು ಹಾಗೇ ನಡೆಯಿತು, ಫಕ್ಕೀರಸಾಬನೂ ಏನೂ ಆಗದವನಂತೆ ಊರು ಕೊಟ್ಟ. ಅವನ ಊರುಗಳಲ್ಲಿ ಮಾತ್ರ ಈಗೀಗ ದೂರ ಹೋದವರು ತಿರುಗಿ ಬರುವ ರಿವಾಜುಗಳೇ ಹೆಚ್ಚಾದವು. ಗಿರಾಕಿಗಳು ಸರಕು ಬದಲಾಯಿಸಪ್ಪ ಎಂದು ಗೊಣಗಿದರು.

ಆ ವರ್ಷದ ರಮಜಾನ ಬಂತು. ಈದಿನ ಮುನ್ನಾದಿನ ಹುಬ್ಬಳ್ಳಿಯ ಕಡೆಯ ಬಸ್ಸುಗಳನ್ನೆಲ್ಲ ಫಕ್ಕೀರಸಾಬ ನಿಂತು ನೋಡಿದ. ಯಾವುದರಲ್ಲೂ ಅವಳಿರಲಿಲ್ಲ. ಚಂದ್ರ ಕಂಡಿತು. ಮರುದಿನ ಈದಗಾದ ನಮಾಜು ಮುಗಿಸಿದ ಫಕ್ಕೀರಸಾಬ ಯಾರ ಕೈಯನ್ನೂ ಸರಿಯಾಗಿ ಕುಲುಕದೆ, ಹೊಸ ಜುಬ್ಬಾದಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದ. ಅಲ್ಲಿ ಒಂದು ಕಂಬಕ್ಕೆ ಆತು ನಿಂತುಕೊಂಡು, ಹುಬ್ಬಳ್ಳಿಯಲ್ಲಿ ದಾರಿ ತಪ್ಪಿದ ದಿನ ಮಾಡಿದ ಆಣೆಯನ್ನು ವಾಪಸು ತೆಗೆದುಕೊಂಡ. ಇವತ್ತು ಬರದಿದ್ದರೆ ನಾಳೆ ತಾನೇ ಮಾಂಡವಿಗೆ ಹೋಗಿ ಕರೆದುಕೊಂಡು ಬರುವುದು ಎಂದು ನಿಶ್ಚಯ ಮಾಡಿದ. ಎಷ್ಟು ಗಾಡಿ ಬದಲಿಸಬೇಕು ಎಂದು ಬೆರಳು ಮಡಚಿ ಎಣಿಸತೊಡಗಿದ.

ಹುಬ್ಬಳ್ಳಿಯ ಬಸ್ಸು ತಡವಾಗಿ ಬಂತು. ಮೊದಲು ಇಳಿದದ್ದು ಒಂದು ಮಾತು. ಯಾರೋ ದಪ್ಪನೆಯ ಹೆಂಗಸು ಬಸ್ಸಿನೊಳಗಿನಿಂದಲೇ ಅಚ್ಚ ಕರ್ಜಗಿಯ ಕನ್ನಡದಲ್ಲಿ ಕಂಡಕ್ಟರನಿಗೂ, ಹಮಾಲನಿಗೂ, ಬಾಳೆಹಣ್ಣು ಮಾರುವವಳಿಗೂ ಒಟ್ಟಿಗೇ ಮಾತಾಡುತ್ತ ಇಳಿದಳು. ಅವಳು ಸುಗರಾಬಿ. ಅವಳ ಹಿಂದೆ ಅಲ್ಲಾವುದ್ದೀನ, ಅವನ ಹಿಂದೆ ಮುಮ್ತಾಜಬಿ. ದಾರಿಯಲ್ಲಿ ಗಾಡಿ ತಪ್ಪಿ ಒಂದು ದಿನ ತಡವಾಯಿತಂತೆ.

"ನಮ್ಮ ಮನ್ಯಾಗ ರಿವಾಜು ಐತಂತ್ರಿ," ಎಂದಳು ಸುಗರಾಬಿ ಫಕ್ಕೀರಸಾಬನಿಗೆ. "ನಮ್ಮವರು ಮಾತು ಕೊಟ್ಟಾರಂತ. ಸೊಸಿ ಒಬ್ಬಾಕೆನ ಯಾಕ ಬರಬೇಕು, ನನ್ನ ತವರೂ ಇತ್ಲಾಕಡೇನ ಅಲ್ಲೇನು?"

ಓಣಿಗೆ ಬರುವಷ್ಟರಲ್ಲಿ ಹಿಂದೆ ಒಂದು ಮೆರವಣಿಗೆಯೇ ಆಗಿತ್ತು. ಗುಲಾಬಬಿ ಹೊಸ ಸೀರೆ ಉಟ್ಟು ಜಗಲಿಯಲ್ಲೇ ಕುಳಿತಿದ್ದಳು. ಈದಿನ ದಿನವೂ ಕೈಯಲ್ಲಿ ಸೂಜಿ ಇತ್ತು. ಮಗಳನ್ನು ನೋಡಿದಳು. ಏಳಲಿಲ್ಲ. ಎದ್ದರೆ ಅತ್ತುಬಿಡುತ್ತಾಳೆ ಎಂಬುದು ಫಕ್ಕೀರಸಾಬನೊಬ್ಬನಿಗೆ ತಿಳಿಯಿತು. ಮುಮ್ತಾಜಬಿ ಅಮ್ಮನ ಎದುರು ಕುಳಿತಳು. ಮಡಿಲಲ್ಲಿದ್ದ ಹಾರದ ತುದಿ ಹಿಡಿದುಕೊಂಡಳು. ಕೇಳು, ಆ ಊರಲ್ಲಿ ಏನಿದೆ ಎಂದು ಕೇಳು ಎಂದು ತಾನೇ ಕಾಡಿದಳು. ಗುಲಾಬಬಿ ಏನಿದೆ ಎಂದಳು.

"ಹೊಳಿ ದಂಡಿ ಮ್ಯಾಲ, ಬಟ್ಟ ಬಯಲಾಗ, ಕೈಲೇನ ಕಟಗಿ ಹಡಗ ಕಟ್ತಾರ ಅಮ್ಮಾ. ನಮ್ಮ ಮಸೂತಿಕಿಂತ ಎತ್ತರ. ಒಂದು ಹಡಗ ಮುಗಿಯೂದ್ರಾಗ ಹುಟ್ಟಿದ ಕೂಸು ನಡ್ಯಾಕ ಕಲೀತದ. ಮುಗಿದ ಮ್ಯಾಲ ಅದು ಅರಬಸ್ತಾನಕ್ಕ ಹೋಗಿ ಬರ್ತದ. ನಾ ಅದರ ಹೊಟ್ಯಾಗ ನಿಂತು ಬಂದೇನಿ."

ಹುಡುಗಿಯ ಮುಖ ಅಣ್ಣಾಜಿ ಮಾಸ್ತರರ ಮುಖದಂತೆಯೇ ಇತ್ತು, ಅದಕ್ಕೆ ಸುಳ್ಳು ಹೇಳಲು ಬರುವಂತಿರಲಿಲ್ಲ. ಗುಲಾಬಬಿ ಬಹಳ ಹೊತ್ತು ಆ ಮುಖವನ್ನೇ ನೋಡಿದಳು. ಕಣ್ಣು ತುಂಬಿ ಬಂದು ಕೆನ್ನೆಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಹಾರವನ್ನು ಮಗಳ ಕೈಯಿಂದ ಬಿಡಿಸಿಕೊಂಡಳು.

"ಸುಳ್ಳು," ಎಂದಳು. "ಹೋಗು. ಮಾಮೂನ ಅಂಗಡ್ಯಾಗ ಒಂದು ಚಾ ಕುಡದು ಬಾ."

ಅಷ್ಟರಲ್ಲಿ ಫಕ್ಕೀರಸಾಬ ರಸ್ತೆ ದಾಟಿ ಹೋಗಿ ಒಲೆ ಹಚ್ಚುತ್ತಿದ್ದ.